ಸುಟ್ಟುಹೋಗದ ಮೋಟಾರು

“ಮೋಟ್ರು ಸುಟ್ಟೋಯ್ತು ಕಣಕ್ಕ” ಎಂಬ ಮಾತು ಬಾಯಿಂದ ಬಿದ್ದ ಮೇಲೆಯೇ ತಾನು ಇಂಥದ್ದೊಂದು ಸುಳ್ಳು ಹೇಳಬಲ್ಲೆನೆಂಬುದು ಪ್ರೇಮ್‌ಕುಮಾರನಿಗೆ ತಿಳಿದದ್ದು. ಅದೂ ಎಷ್ಟು ಸಲೀಸಾಗಿ ಬಂದಿತ್ತೆಂದರೆ, ಹೇಳಿ ಹೇಳಿ ರೂಢಿಯಾದವನ ಹಾಗೆ ಕೊನೆಯಲ್ಲೊಂದು ನಿಟ್ಟುಸಿರೂ ಸೇರಿಕೊಂಡಿತ್ತು. ಗೇಟಿನ ಆಚೆ ಪಕ್ಕದ ಮನೆಯ ನಾಗರತ್ನ ನೀಲಿ ಡ್ರಮ್ಮನ್ನು ಸೊಂಟಕ್ಕೆ ಆನಿಸಿಕೊಂಡು ನಿಂತಿದ್ದಳು. ಅವಳ ಹಿಂದೆ ಬೀದಿಯ ಉಳಿದವರು; ಕೊಡ, ಬಕೀಟು, ಬಣ್ಣದ ಖಾಲಿ ಡಬ್ಬ, ಒಬ್ಬರ ಕೈಯಲ್ಲಿ ಕುಕ್ಕರು ಕೂಡ ಇತ್ತು. ಅವನ ಬೆನ್ನ ಹಿಂದೆ, ಜಗಲಿಯ ಗೋಡೆಯ ಮೇಲೆ, ಯಾವ ಕೇಡೂ ಆಗದ ಸ್ಟಾರ್ಟರ್ ಡಬ್ಬಿ. ಮೋಟಾರು ನಿಲ್ಲಿಸಲು ಅದರ ಕೆಂಪು ಗುಂಡಿ ಒತ್ತಿ ಬಂದ ಬೆರಳನ್ನು ಅವನು ಯಾಕೋ ಲುಂಗಿಗೆ ಒರೆಸಿಕೊಂಡ.

“ಅಯ್ಯೋ ಶಿವ್ನೆ, ನಮ್ಗೆಲ್ಲ ಕೊಟ್ಟು ಕೊಟ್ಟೇ ಸುಟ್ಟೋಯ್ತಲ್ಲ ಪ್ರೇಮಣ್ಣ” ಎಂದಳು ನಾಗರತ್ನ. ಅವಳ ಮುಖದಲ್ಲಿ ನಿಜವಾದ ಮರುಕವಿತ್ತು, ಅದೇ ಸಹಿಸಲು ಕಷ್ಟವಾದದ್ದು. “ಗುರು ಅಂತ ಒಬ್ಬ ಅವ್ನೆ, ಮೋಟ್ರು ಬಿಚ್ಚೋನು. ನಮ್ಮನೆಯವ್ರಿಗೆ ಚೆನ್ನಾಗ್ ಗೊತ್ತು. ಕಳುಸ್ಲಾ?”

“ಬ್ಯಾಡಿ ಬ್ಯಾಡಿ. ಬಾನ್ವಾರ ಬ್ಯಾರೆ. ನಾಳೆ ನಾನೇ ನೋಡ್ಕತೀನಿ.”

“ಯಾರ್ದೋ ಕೆಟ್ ಕಣ್ಣು ಬಿತ್ತು ಬುಡಿ” ಎಂದು ಹಿಂದಿನಿಂದ ರುದ್ರಮ್ಮ ಎಂಬ ಮುದುಕಿ ಹೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಪ್ರೇಮ್‌ಕುಮಾರ್ ತನ್ನ ಕಣ್ಣನ್ನೇ ಉಜ್ಜಿಕೊಂಡ. ಒಬ್ಬರಾದರೂ ಗೊಣಗಬೇಕಿತ್ತು, ಇಷ್ಟು ದಿನ ಇಲ್ಲದ್ದು ಇವತ್ತೇ ಹೇಗೆ ಸುಟ್ಟಿತು ಎಂದು ಕೇಳಬೇಕಿತ್ತು. ಹಾಗೆ ಕೇಳಿದ್ದರೆ ಉತ್ತರ ಕೊಡಲು ಅವನ ಎದೆಯಲ್ಲಿ ಬೇಕಾದಷ್ಟು ಕಾವು ಕೂಡಿತ್ತು. ಯಾರೂ ಕೇಳಲಿಲ್ಲ. ಖಾಲಿ ಪಾತ್ರೆಗಳು ಒಂದಕ್ಕೊಂದು ತಾಗುತ್ತಾ ಬೀದಿಯ ಎರಡೂ ಕಡೆಗೆ ಚದುರಿಹೋದವು. ಗೇಟಿನ ಮೇಲೆ ಹಾಯಿಸಿದ್ದ ಪೈಪಿನ ತುದಿಯಿಂದ ಕೊನೆಯ ಒಂದಿಷ್ಟು ಹನಿ ಬಿದ್ದು ನಿಂತಿತು.

ಊರಿಗೆ ಊರೇ ನೀರಿನಲ್ಲಿ ನಿಂತು ನೀರಿಗೆ ಪರದಾಡುವುದು ಎಂದರೆ ಇದು. ಎಲ್ಲೋ ಕೇರಳದ ಬೆಟ್ಟಗಳಲ್ಲಿ ಮಳೆ ಹುಯ್ದು, ಕಬಿನಿ ಅಣೆಕಟ್ಟೆಯ ಬಾಗಿಲು ತೆಗೆದು, ಊರ ಹೊಳೆ ಕಪಿಲೆ ದಡದ ಹದಿನಾರು ಕಾಲು ಮಂಟಪದ ಕುತ್ತಿಗೆಯವರೆಗೆ ಏರಿದ್ದಳು. ಹೊಳೆದಂಡೆಯ ಪಂಪ್‌ಹೌಸಿನೊಳಕ್ಕೆ ನೀರು ನುಗ್ಗಿದ್ದೇ ತಡ, ಊರಿನ ನಲ್ಲಿಗಳು ಒಂದಾದ ಮೇಲೊಂದು ಗಂಟಲು ಕಟ್ಟಿ ಕೂತವು. ಜನ ಬೆಳಿಗ್ಗೆ ಎದ್ದು ಹೊಳೆ ನೋಡಲು ಹೋಗುತ್ತಿದ್ದರು, ಫೋನ್ ಎತ್ತಿ ಪಟ ತೆಗೆಯುತ್ತಿದ್ದರು, ಮನೆಗೆ ಬಂದು ಮುಖ ತೊಳೆಯಲು ನೀರಿಲ್ಲದೆ ಕೂರುತ್ತಿದ್ದರು. “ಒಳೆ ತುಂಬುದ್ರೂ ನಾಯ್ಗೆ ನೆಕ್ಕು ನೀರೇ ಗತಿ” ಎಂದು ಅವನ ತಾಯಿ ಗೋವಿಂದಮ್ಮ ನಗಾಡಿದ್ದಳು. ಮನೆ ಕಟ್ಟಿಸುವಾಗ ಪ್ರೇಮ್‌ಕುಮಾರ್ ಮೊದಲು ಕೊರೆಸಿದ್ದು ಬೋರ್‌ವೆಲ್. ಹೊಳೆ ಇರುವ ಊರಲ್ಲಿ ಇದ್ಯಾಕೆ ಎಂದು ಹೆಂಡತಿ ಇಂದ್ರಾಣಿ ಕೇಳಿದ್ದಕ್ಕೆ, ನೀರಿಗೆಂದು ಇನ್ನೊಬ್ಬರ ಬಾಗಿಲಿಗೆ ಹೋಗುವ ಜನ್ಮ ಮುಗಿಯಿತು ಎಂದಿದ್ದ. ಈಗ ಇನ್ನೊಬ್ಬರೇ ಅವನ ಬಾಗಿಲಿಗೆ ಬಂದಿದ್ದರು. ಮೊದಲ ದಿನ ಪೈಪನ್ನು ಗೇಟಿಗೆ ಎಳೆದು ಗುಂಡಿ ಒತ್ತಿ, ನೀರು ಮೊದಲ ಕೊಡಕ್ಕೆ ಬಿದ್ದ ಸದ್ದು ಕೇಳಿ ಅವನಿಗೆ ಆದ ಸಂತೋಷ ಅಳತೆ ಮೀರಿದ್ದು. ಪ್ರತಿ ಏಪ್ರಿಲ್‌ನಲ್ಲಿ ಅಂಬೇಡ್ಕರ್ ಜಯಂತಿಯ ವೇದಿಕೆ ಹತ್ತಿ, ಮಹಾಡದ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರೆತ್ತಿ ಕುಡಿದದ್ದನ್ನು ಗಂಟಲು ಕಟ್ಟುವವರೆಗೆ ವರ್ಣಿಸುವವನು ಅವನು. ಮುಂದಿನ ಸಲದ ಭಾಷಣಕ್ಕೆ ಒಂದು ಹೊಸ ಕೊನೆ ಸಿಕ್ಕಿತು ಎಂದು ಅಲ್ಲೇ, ಪೈಪು ಹಿಡಿದುಕೊಂಡೇ, ಅವನಿಗೆ ಅನ್ನಿಸಿತ್ತು. ಖಜಾನೆಯ ಗುಮಾಸ್ತನೊಬ್ಬನ ಮನೆ ಮುಂದೆ ಊರ ಗೌಡರ ಕೊಡಗಳು ಸಾಲುಗಟ್ಟಿ ನಿಂತವು ಎಂದು ಶುರುಮಾಡಬಹುದಿತ್ತು.

ಆದರೆ ಕಣ್ಣಿಗೆ ಒಂದು ಚಾಳಿ ಇರುತ್ತದೆ, ಎಷ್ಟು ಓದಿಸಿದರೂ ಅದು ಬಿಡುವುದಿಲ್ಲ. ಅವನ ಕಣ್ಣು ಎರಡನೆಯ ದಿನವೇ ಪಾತ್ರೆಗಳನ್ನು ವಿಂಗಡಿಸಲು ಹತ್ತಿತು. ಯಾವುದು ಬಚ್ಚಲಿನದು, ಯಾವುದು ಅಡುಗೆಮನೆಯದು. ಯಾರ ಕೊಡ ಹಿತ್ತಿಲ ಕಡೆಗೆ ಹೋಯಿತು, ಯಾರದು ನೇರ ಒಳಗೆ. ಬೀದಿಯ ಬೇರೆಯವರ ಮನೆಯ ಸ್ಟೀಲು ಬಿಂದಿಗೆಗಳು ಬಂದವು, ತುಂಬಿದವು, ಹೋದವು. ಪಕ್ಕದ ಮನೆಯಿಂದ ಮಾತ್ರ ನೀಲಿ ಡ್ರಮ್ಮು, ಹಸಿರು ಬಕೀಟು. ಮತ್ತೆ ನೀಲಿ ಡ್ರಮ್ಮು, ಹಸಿರು ಬಕೀಟು. ಆ ಮನೆಯಲ್ಲಿ ಒಂದು ತಾಮ್ರದ ಬಿಂದಿಗೆ ಇರುವುದು ಅವನಿಗೆ ಗೊತ್ತಿತ್ತು. ನಾಗರತ್ನಳ ಅತ್ತೆ ವೆಂಕಟಮ್ಮ ಪ್ರತಿ ಶುಕ್ರವಾರ ಅದನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ಬಿಸಿಲಿಗೆ ಕವುಚಿಡುತ್ತಿದ್ದಳು. ಆ ಬಿಂದಿಗೆ ಬರಲಿಲ್ಲ. ನಾಗರತ್ನಳ ಗಂಡ ಮಹಾದೇವಸ್ವಾಮಿ, ಡೈರಿಯ ಕಾರ್ಯದರ್ಶಿ, ಎದುರು ಸಿಕ್ಕರೆ ಹೆಗಲ ಮೇಲೆ ಕೈಹಾಕಿ ಮಾತಾಡುವವನು, ಎಲ್ಲಿಂದಲೋ ಸ್ಕೂಟರಿನ ಮೇಲೆ ನೀರಿನ ಕ್ಯಾನು ತಂದು ಒಳಗಿಳಿಸುವುದನ್ನು ಪ್ರೇಮ್‌ಕುಮಾರ್ ಮಹಡಿಯ ಮೇಲಿಂದ ನೋಡಿದ. ನೋಡಬಾರದಿತ್ತು ಎಂದುಕೊಂಡ. ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ಮಹಡಿ ಹತ್ತಿದ.

ಬೀದಿಯಲ್ಲಿ ಎಲ್ಲರೂ ಕ್ಯಾನು ನೀರು ಕುಡಿಯುತ್ತಾರೆ, ಬೋರ್‌ವೆಲ್ ನೀರು ಗಡುಸು, ಬೇಳೆ ಬೇಯುವುದಿಲ್ಲ, ತಾನೇ ಎಷ್ಟೋ ಸಲ ಬೈದುಕೊಂಡಿದ್ದಾನೆ. ಈ ನ್ಯಾಯವನ್ನೆಲ್ಲ ತನಗೆ ತಾನೇ ಹೇಳಿಕೊಂಡು, ಇವತ್ತು ಬೆಳಿಗ್ಗೆ ಅವನು ಒಂದು ಕೆಲಸ ಮಾಡಿದ. ನೀರನ್ನು ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ, ಇಂದ್ರಾಣಿಯ ತವರಿನಿಂದ ಬಂದಿದ್ದ ಮುಚ್ಚಳದ ಸ್ಟೀಲು ಜಗ್ಗಿಗೆ ತುಂಬಿಕೊಂಡು ಪಕ್ಕದ ಮನೆಗೆ ಹೋದ. “ಅಜ್ಜಿಗೆ ಹುಷಾರಿಲ್ಲ ಅಂದ್ರಲ್ಲ, ಕಾಯ್ಸಿ ಆರ್ಸಿದ್ದು, ಕುಡಿಯೋಕೆ” ಎಂದ. ಹೇಳುವಾಗ ತನ್ನ ಮುಖದಲ್ಲಿ ಒಂದು ಅನಗತ್ಯ ನಗೆ ಇದ್ದದ್ದು ಅವನಿಗೆ ಗೊತ್ತಾಗುತ್ತಲೇ ಇತ್ತು. ಶಾಲೆಯಲ್ಲಿ ಮೇಷ್ಟರಿಗೆ ಹೂವು ಕೊಡುವಾಗ ಇರುತ್ತಿದ್ದ ನಗೆ ಅದು. ನಾಗರತ್ನ ಕೈ ಒರೆಸಿಕೊಳ್ಳುತ್ತಾ ಬಂದು, “ಅಯ್ಯೋ ನಿಮ್ಗ್ಯಾಕೆ ತೊಂದ್ರೆ ಪ್ರೇಮಣ್ಣ, ಅಲ್ಲೇ ಕಟ್ಟೆ ಮ್ಯಾಲೆ ಇಡಿ, ಕೈಯೆಲ್ಲ ಇಟ್ಟಾಗದೆ” ಎಂದಳು. ಕೈಯಲ್ಲಿ ಹಿಟ್ಟು ಇದ್ದದ್ದು ನಿಜ. ಅವನು ಇಟ್ಟು ಬಂದ. ಬಂದವನು ಅಷ್ಟಕ್ಕೆ ಸುಮ್ಮನಿರಬೇಕಲ್ಲ. ಬಟ್ಟೆ ಒಣಗಿದೆಯಾ ನೋಡುವ ನೆಪದಲ್ಲಿ ಮಹಡಿಗೆ ಹೋದ. ನಾಗರತ್ನ ಹಿತ್ತಿಲಿಗೆ ಬಂದಳು, ಅತ್ತ ಇತ್ತ ನೋಡಲೂ ಇಲ್ಲ, ಜಗ್ಗಿನ ಮುಚ್ಚಳ ತೆಗೆದು ನೀರನ್ನು ದಾಸವಾಳದ ಬುಡಕ್ಕೆ ಸುರಿದಳು. ಕೋಪವಿಲ್ಲ, ಅಸಹ್ಯವಿಲ್ಲ. ಅಕ್ಕಿ ತೊಳೆದ ನೀರು ಚೆಲ್ಲುವ ಹಾಗೆ ಚೆಲ್ಲಿದಳು. ಸ್ವಲ್ಪ ಹೊತ್ತಿಗೆ ಜಗ್ಗು ತೊಳೆದು ಒರೆಸಿ, ಖಾಲಿ ಪಾತ್ರೆ ಹಿಂತಿರುಗಿಸಬಾರದೆಂದು ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ತಂದುಕೊಟ್ಟಳು. “ಅತ್ತೆ ಕುಡುದ್ರು ಪ್ರೇಮಣ್ಣ, ತಂಪಾಗದೆ ಅಂದ್ರು” ಎಂದೂ ಹೇಳಿದಳು. ಗೋವಿಂದಮ್ಮ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡು, “ಒಳ್ಳೆ ಎಂಗ್ಸು” ಎಂದಳು. ಆಮೇಲೆ ನಾಗರತ್ನ ಡ್ರಮ್ಮು ಹೊತ್ತುಕೊಂಡು ಮತ್ತೆ ಗೇಟಿಗೆ ಬರುವಷ್ಟರಲ್ಲಿ ಅವನ ಬೆರಳು ಕೆಂಪು ಗುಂಡಿಯ ಮೇಲೆ ಇತ್ತು.

“ಸುಟ್ಟೋಯ್ತಾ ಮಗ?” ಎಂದು ಈಗ ಒಳಗಿನಿಂದ ತಾಯಿಯ ದನಿ.

“ಹೂಂ ಅವ್ವ.”

“ಟ್ಯಾಂಕಲ್ಲಿ ಅದಾ?”

“ಇಲ್ಲ. ಎಲ್ಲ ಅವ್ರಿಗೇ ಬಿಟ್ಟಾಯ್ತಲ್ಲ.”

ಗೋವಿಂದಮ್ಮನಿಗೆ ಮೋಟಾರಿನ ವಿಚಾರ ತಿಳಿಯದು. ಗುಂಡಿ ಒತ್ತಿದರೆ ನೀರು ಬರುತ್ತದೆ ಎಂಬುದೇ ಅವಳಿಗೆ ಈ ವಯಸ್ಸಿನಲ್ಲಿ ಸಿಕ್ಕ ಸುಖ. ಪ್ರೇಮ್‌ಕುಮಾರ್ ನಡುಮನೆಯ ಸೋಫಾದ ಮೇಲೆ ಬಿದ್ದುಕೊಂಡ. ಎದುರು ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು. ಇಬ್ಬರೂ ಎಂದಿನಂತೆ ನೋಡುತ್ತಿದ್ದರು, ಅವನು ಮಗ್ಗುಲು ಬದಲಿಸಿದ. ಗೆದ್ದ ಸಮಾಧಾನಕ್ಕಾಗಿ ಕಾದ, ಅದು ಬರಲಿಲ್ಲ. ಬದಲು ಒಂದು ಸಣ್ಣ ಲೆಕ್ಕ ತಲೆಯೊಳಗೆ ಎದ್ದು ಅವನನ್ನು ಪೆಚ್ಚಾಗಿಸಿತು: ಇನ್ನು ತನ್ನ ಮನೆಗೆ ನೀರು ಹತ್ತಿಸುವುದು ಹೇಗೆ? ಗುಂಡಿ ಒತ್ತಿದರೆ ಟ್ಯಾಂಕಿಗೆ ನೀರು ಬೀಳುವ ಸದ್ದು ಬೀದಿಯ ತುದಿಯವರೆಗೆ ಕೇಳುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒತ್ತಬೇಕು. ಅವರ ಕಿವಿಗೆ ಬೀಳದಂತೆ, ತನ್ನ ಮನೆಯ ನೀರನ್ನು ತಾನೇ ಕದಿಯಬೇಕು. ಈ ಯೋಚನೆ ಬಂದು ಅವನು ಎದ್ದು ಕೂತ. ಮಳೆ ನಿಂತು ಎಳೆ ಬಿಸಿಲು ಕಿಟಕಿಯಲ್ಲಿ ಬಂದಿತ್ತು. ಇಂಥದೇ ಬಿಸಿಲಲ್ಲಿ ಅವ್ವನ ಸೆರಗು ಹಿಡಿದು ನಿಂತಿದ್ದು ನೆನಪಾಯಿತು. ಕವಲಂದೆ ಕಡೆಯ ಆ ಹಳ್ಳಿಯಲ್ಲಿ ಊರು ಬೇರೆ, ತಮ್ಮ ಕೇರಿ ಬೇರೆ, ಬಾವಿ ಊರಿನದು. ಬಾವಿಯ ಹಗ್ಗವನ್ನು ಕೇರಿಯವರು ಮುಟ್ಟುವಂತಿರಲಿಲ್ಲ. ಕೊಡವನ್ನು ಕೆಳಗಿಟ್ಟು ಮಾರು ದೂರ ಸರಿದು ನಿಲ್ಲಬೇಕು. ಊರಿನವರು ಯಾರಾದರೂ ಸೇದಿ, ಎತ್ತರದಿಂದ ಹುಯ್ಯಬೇಕು. ಬಾಯಾರಿತು ಎಂದರೆ ಬಗ್ಗಿ ಬೊಗಸೆ ಒಡ್ಡಬೇಕು. ಅವತ್ತು ಬಹಳ ಹೊತ್ತು ಕಾದ ಮೇಲೆ ಪಟೇಲರ ಮನೆಯ ಹೆಂಗಸೊಬ್ಬಳು ಬಂದು ತನ್ನ ಬಿಂದಿಗೆ ತುಂಬಿಕೊಂಡು, ಹೊರಡುವಾಗ, “ಅಗ್ಗ ಕಿತ್ತೋಗದ, ನಾಳಕ್ಕ ಬನ್ನಿ” ಎಂದಳು. ಹುಡುಗ ಪ್ರೇಮ ರಾಟೆಯನ್ನು ನೋಡಿದ್ದ. ಹಗ್ಗ ಗಟ್ಟಿಯಾಗಿ ತೂಗುತ್ತಿತ್ತು, ಒದ್ದೆಯಾಗಿತ್ತು, ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. “ಅವ್ವ, ಕಿತ್ತೋಗಿಲ್ಲ ಕಣವ್ವ” ಎಂದದ್ದಕ್ಕೆ ಅವ್ವ ಅವನ ಬಾಯಿ ಮುಚ್ಚಿದ್ದಳು. ಆ ಕೈಯಲ್ಲಿ ಹಸಿ ಸಗಣಿಯ ವಾಸನೆಯಿತ್ತು. ಭಾಷಣಗಳಲ್ಲಿ ಇದನ್ನು ಅವನು ಎಂದೂ ಹೇಳಿದ್ದಿಲ್ಲ. ಮಹಾಡದ ಕೆರೆಯನ್ನು ಹೇಳುವುದು ಇದಕ್ಕಿಂತ ಸುಲಭ.

ಫೋನು ಬಡಿದುಕೊಂಡಿತು. ಇಂದ್ರಾಣಿ. ಅವಳು ತಿರುಮಕೂಡಲಿನ ಕಡೆ, ಟಿ. ನರಸೀಪುರದಲ್ಲಿ ನರ್ಸ್. ರಸ್ತೆಯ ಮೇಲೆ ನೀರು ಬಂದದ್ದರಿಂದ ಮನೆಗೆ ಬರಲಾಗದೆ ಅಲ್ಲೇ ಗೆಳತಿಯ ಮನೆಯಲ್ಲಿ ಉಳಿದಿದ್ದಳು.

“ಎಲ್ರಿಗೂ ನೀರ್ ಬಿಡ್ತಾ ಇದೀರ ತಾನೆ?” ಎಂದಳು. “ಇಲ್ಲಿ ಕಾವೇರಿ, ಕಪಿಲ ಎರಡೂ ಸೇರಿ ಊರು ಯಾವ್ದು ಹೊಳೆ ಯಾವ್ದು ಗೊತ್ತಾಗ್ತಿಲ್ಲ. ಆದ್ರೆ ನಲ್ಲೀಲಿ ಒಂದ್ ತೊಟ್ಟಿಲ್ಲ. ನಮ್ಮನೇಲಿ ಬೋರಿದೆ, ಬೀದಿಗೆಲ್ಲ ಬಿಡ್ತಾರೆ ನಮ್ಮೋರು ಅಂತ ಇಲ್ಲೆಲ್ಲ ಹೇಳ್ಕೊಂಡ್ ಬರ್ತಾ ಇದೀನಿ.”

“ಹೂಂ.”

“ಏನ್ ಹೂಂ? ಮೋಟ್ರು ಜಾಸ್ತಿ ಹೊತ್ತು ಓಡುಸ್ಬೇಡಿ, ಸುಟ್ಟುಗಿಟ್ಟೋದೀತು. ಅತ್ತೆಗೆ ಕೊಡಿ ಫೋನು.”

ಅವನು “ಅವ್ವಾ” ಎಂದು ಕೂಗಿದ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಕೋಣೆಯಲ್ಲಿ ಹೊದಿಕೆ ಮಡಿಸಿಟ್ಟಿತ್ತು. ಅಲ್ಲೇ ಮೂಲೆಯಲ್ಲಿ ಯಾವತ್ತೂ ಬೋರಲು ಬಿದ್ದಿರುತ್ತಿದ್ದ ಹಳೆಯ ಹಿತ್ತಾಳೆ ಕೊಡ, ಅವ್ವ ಹಳ್ಳಿಯಿಂದ ಬರುವಾಗ ಹಟ ಹಿಡಿದು ತಂದದ್ದು, ಆ ಜಾಗದಲ್ಲಿ ಬರೀ ದುಂಡನೆಯ ಕರೆ ಉಳಿದಿತ್ತು. “ಆಮೇಲೆ ಮಾಡ್ತೀನಿ” ಎಂದು ಫೋನು ಕತ್ತರಿಸಿದ. ಸುಳ್ಳನ್ನು ಅವನು ಬೀದಿಗೆ ಹೇಳಿದ್ದ. ಅದನ್ನು ನಂಬುವವರಲ್ಲಿ ಅವ್ವನೂ ಒಬ್ಬಳು, ಮೋಟಾರು ಸುಟ್ಟುಹೋದ ಮನೆಯ ಹೆಂಗಸು ಕೊಡ ಎತ್ತಿಕೊಂಡು ಹೊರಡುತ್ತಾಳೆ ಎಂಬ ಇಷ್ಟು ಸಣ್ಣ ವಿಷಯ ಅವನ ಓದಿದ ತಲೆಗೆ ಹೊಳೆದಿರಲಿಲ್ಲ.

ಹಿತ್ತಿಲ ಬಾಗಿಲು ತೆರೆದಿತ್ತು. ಅವನು ಹೊರಗೆ ಬಂದಾಗ ಕಾಂಪೌಂಡು ಗೋಡೆಯ ಆಚೆಯಿಂದ ಒಂದು ನರೆತ ತಲೆ ಇಣುಕಿತು. ವೆಂಕಟಮ್ಮ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು, ಎರಡು ಕೈಯಿಂದ ಗೋಡೆ ಹಿಡಿದುಕೊಂಡಿದ್ದಳು. ಜ್ವರ ಬಿಟ್ಟ ಮುಖ, ಒಣಗಿದ ತುಟಿ.

“ನಿಮ್ಮವ್ವ ಬಂದ್ಲಾ ಕೂಸು?” ಎಂದಳು, ಪಿಸುದನಿಯಲ್ಲಿ.

“ಎಲ್ಲಿಗೆ ಹೋದ್ಲು ಅಜ್ಜಿ?”

“ಇರಿ, ಎಲ್ಲಾರ ನೀರ್ ತತ್ತೀನಿ ಅಂದ್ಬುಟ್ಟು ಕೊಡ ಇಡ್ಕಂಡು ಓದ್ಲು ಕಣಪ್ಪ. ಒಳೆ ಕಡೀಕ. ಬ್ಯಾಡ ಕಣವ್ವ ಅಂದ್ರೂ ಕೇಳ್ನಿಲ್ಲ.” ಅವಳು ಒಮ್ಮೆ ತಿರುಗಿ ತನ್ನ ಮನೆಯ ಬಾಗಿಲು ನೋಡಿಕೊಂಡಳು. “ದಿನಾ ಒತ್ತಾರೆ ಇಲ್ಲೇ ಗ್ವಾಡೆತಾವು ನಂಗ ಒಂದ್ ಚೊಂಬು ನೀರ್ ಉಯ್ತಿದ್ಲು. ನಮ್ಮೋರು ಕ್ಯಾನ್ ನೀರ್ ತತ್ತಾರೆ, ಪ್ಲಾಸ್ಟಿಕ್ ವಾಸ್ನೆ, ಗಂಟ್ಲಿಗಿಳಿಯಲ್ಲ. ನಿಮ್ ನೀರು ನಮ್ಮೂರ್ ಬಾವಿ ನೀರಂಗೇ ಸವುಳು. ಬಾಯ್ಗೆ ರುಚಿಯಾಯ್ತದ. ಇವತ್ತು ಅದೂ ಇಲ್ದಂಗಾಯ್ತಲ್ಲ, ಮೋಟ್ರು ಕೆಟ್ಟು.” ಆಮೇಲೆ, ಅವನ ಮುಖ ನೋಡಿ ಏನೋ ಅಂದಾಜು ಮಾಡಿಕೊಂಡವಳಂತೆ, “ಸೊಸೆ ಕಿವಿಗ್ ಆಕ್ಬ್ಯಾಡ ಕೂಸು, ಸುಮ್ನ ರಂಪ” ಎಂದಳು.

ಎಷ್ಟು ದಿನದಿಂದ, ಯಾಕೆ ಗುಟ್ಟು, ಯಾರಿಗೆ ನಾಚಿಕೆ ಎಂದು ಕೇಳಬೇಕಾದ್ದೆಲ್ಲ ಹೊಳೆ ಎಂಬ ಒಂದು ಮಾತಿಗೆ ಸಿಕ್ಕಿಕೊಂಡು ನಿಂತಿತು. ಅವನು ಚಪ್ಪಲಿ ಮೆಟ್ಟದೆ ಓಡಿದ.

ಬೀದಿ ಇಳಿಜಾರು. ಇಳಿಯುತ್ತಾ ಹೋದಂತೆ ಮನೆಗಳು ಹಳೆಯವಾಗುತ್ತವೆ, ಗಾಳಿ ತಣ್ಣಗಾಗುತ್ತದೆ, ಎಲ್ಲಿಂದಲೋ ಒಂದು ಅಗಾಧವಾದ ಗುಂಯ್‌ಗುಡುವಿಕೆ ಕೇಳಲು ಶುರುವಾಗುತ್ತದೆ. ಅವ್ವನಿಗೆ ಹೊಳೆ ಗೊತ್ತಿಲ್ಲ, ಬಾವಿಯ ಹೆಣ್ಣು ಅವಳು. ಮೊನ್ನೆ ತಾನೇ ಕರೆದುಕೊಂಡು ಹೋಗಿ ತೋರಿಸಿದ್ದ. ಕೆಮ್ಮಣ್ಣಿನ ನೀರು ಮರದ ಕೊಂಬೆ, ಹುಲ್ಲಿನ ಮೆದೆ ಹೊತ್ತುಕೊಂಡು ಹೋಗುವುದನ್ನು ನೋಡಿ ಅವಳು, “ಇಷ್ಟೊಂದ್ ನೀರ್ಗ ಕಾವ್ಲೇ ಇಲ್ವಾ ಮಗ?” ಎಂದಿದ್ದಳು. ಅವನು ನಕ್ಕಿದ್ದ. ಕಾವಲಿಲ್ಲದ ನೀರು ಎಂದು ಕೊಡ ಅದ್ದಲು ಬಗ್ಗಿದರೆ? ಮೆಟ್ಟಿಲುಗಳೆಲ್ಲ ಮುಳುಗಿವೆ, ಎಲ್ಲಿ ಮೆಟ್ಟಿಲು ಮುಗಿದು ಎಲ್ಲಿ ಆಳ ಶುರು ಎಂದು ಊರವರಿಗೇ ತಿಳಿಯುತ್ತಿಲ್ಲ. ಬಗ್ಗುತ್ತಾಳೆ. ಕೊಡವನ್ನು ನೀರು ಎಳೆದರೆ ಬಿಡುವವಳಲ್ಲ, ತನ್ನ ಕೊಡ ಎಂದು ಗಟ್ಟಿಯಾಗಿ ಹಿಡಿಯುತ್ತಾಳೆ. ಓಡುತ್ತಾ ಅವನು ಇದನ್ನೆಲ್ಲ ಕಣ್ಣೆದುರು ಕಂಡ, ಹಿತ್ತಾಳೆ ಕೊಡ ಒಂದು ಸುತ್ತು ತಿರುಗಿ ಮುಳುಗುವುದನ್ನೂ ಕಂಡ. ಯಾರೋ, “ಏನ್ ಸಾ, ಒಳೆ ನೋಡಕ್ಕಾ?” ಎಂದರು. ಯಾರೂ ನೀರಿಗಿಳಿಯದಂತೆ ಕಟ್ಟಿದ್ದ ಹಗ್ಗದ ಹತ್ತಿರ ಜನ ಗುಂಪಾಗಿ ಫೋನು ಎತ್ತಿದ್ದರು. ಪೊಲೀಸನೊಬ್ಬ ಪೀಪಿ ಊದುತ್ತಿದ್ದ. ಪ್ರೇಮ್‌ಕುಮಾರ್ ಗುಂಪಿನೊಳಗೆ ನುಗ್ಗಿ, ಮುದುಕಿಯರ ಮುಖಗಳನ್ನು ಒಂದೊಂದಾಗಿ ಭುಜ ಹಿಡಿದು ತಿರುಗಿಸಿ ನೋಡಿದ. ಅವರಲ್ಲಿ ಅವ್ವ ಇರಲಿಲ್ಲ. ನೀರಿನ ಅಂಚಿನಲ್ಲಿ ಒಂದು ಹವಾಯಿ ಚಪ್ಪಲಿ ತೇಲುತ್ತಿತ್ತು. ಅದು ಅವಳದಲ್ಲ, ಅವಳು ಚಪ್ಪಲಿ ಹಾಕುವವಳಲ್ಲ ಎಂದು ನೆನಪಾಗಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಟ್ಯಾಂಕರಿನ ಹಾರ್ನ್ ಸದ್ದು ಕೇಳಿ ತಿರುಗಿದ. ಮೇಲಿನ ತಿರುವಿನಲ್ಲಿ, ಆಲದ ಮರದ ಕೆಳಗೆ, ನೀರಿನ ಟ್ಯಾಂಕರು ನಿಂತಿತ್ತು; ಅದರ ಬಾಲಕ್ಕೆ ಊರೇ ಜೋತುಬಿದ್ದಿತ್ತು. ಕೂಗು, ತಳ್ಳಾಟ, ಕೊಡಗಳ ಮೇಲೆ ಕೊಡ. ಅವನ ಬೀದಿಯವರೂ ಅಲ್ಲಿದ್ದರು, ನಾಗರತ್ನಳ ನೀಲಿ ಡ್ರಮ್ಮು ಜನರ ತಲೆ ಮೇಲೆ ಕಂಡು ಮರೆಯಾಯಿತು. ಆ ಗದ್ದಲದಿಂದ ಆಚೆ, ರಸ್ತೆಯ ಅಂಚಿನಲ್ಲಿ, ಅವ್ವ ನಿಂತಿದ್ದಳು.

ಜೀವ ಬಂತು ಅನ್ನುವಷ್ಟರಲ್ಲಿ ಅದು ಮತ್ತೆ ಹೋಯಿತು. ಅವಳು ನಿಂತಿದ್ದ ರೀತಿ ಅಂಥದು. ಹಿತ್ತಾಳೆ ಕೊಡವನ್ನು ಟ್ಯಾಂಕರಿನ ಕಡೆಗೆ, ಜನರ ಸಾಲಿನ ಕೊನೆಯಿಂದ ಸ್ವಲ್ಪ ಈಚೆ, ನೆಲದ ಮೇಲೆ ಇಟ್ಟಿದ್ದಳು. ಇಟ್ಟು, ಅದರಿಂದ ಮಾರು ದೂರ ಸರಿದು, ಸೆರಗನ್ನು ಎರಡು ಹೆಗಲಿಗೂ ಹೊದ್ದು, ಕೈ ಕಟ್ಟಿ ನಿಂತಿದ್ದಳು. ಯಾರೂ ಅವಳನ್ನು ದೂರ ನಿಲ್ಲು ಎಂದಿರಲಿಲ್ಲ. ಅಲ್ಲಿ ಯಾರು ಯಾವ ಜನ ಎಂದು ಕೇಳುವ ಪುರುಸೊತ್ತು ಒಬ್ಬರಿಗೂ ಇರಲಿಲ್ಲ. ಚೂಡಿದಾರದ ಹುಡುಗಿಯೊಬ್ಬಳು, “ಅಜ್ಜಿ, ಅಲ್ ನಿಂತ್ರೆ ಸಿಗಲ್ಲ, ನುಗ್ಗಿ ಬನ್ನಿ” ಎಂದು ಕರೆದಳು ಕೂಡ. ಗೋವಿಂದಮ್ಮ ಹೂಂ ಎಂದು ತಲೆಯಾಡಿಸಿ ಅಲ್ಲೇ ನಿಂತಳು. ಅವಳ ಕಾಲಿಗೆ ಗೊತ್ತಿದ್ದದ್ದು ಇದೊಂದೇ. ಕೊಡ ಇಟ್ಟು ದೂರ ನಿಂತರೆ ಯಾರಾದರೂ ಹುಯ್ಯುತ್ತಾರೆ. ಮಗನ ಮನೆಗೆ ಬಂದು ಇಷ್ಟು ಕಾಲ ಗುಂಡಿ ಒತ್ತಿದ ಬೆರಳು ಒಂದೇ ಬೆಳಿಗ್ಗೆಯಲ್ಲಿ ಅದನ್ನೆಲ್ಲ ಮರೆತು, ಕಾಲು ಹಳೆಯ ಜಾಗಕ್ಕೆ ಹೋಗಿ ನಿಂತಿತ್ತು. ಯಾವುದನ್ನು ಅವ್ವ ಮತ್ತೆ ನೋಡಬಾರದೆಂದು ಅವನು ಓದಿದ್ದನೋ, ನೌಕರಿ ಹಿಡಿದಿದ್ದನೋ, ನೆಲ ಕೊರೆಸಿದ್ದನೋ, ಅಲ್ಲಿಗೆ ಅವಳನ್ನು ಅವನೇ ಕಳುಹಿಸಿದ್ದ. ನಾಗರತ್ನ ಕಳುಹಿಸಿರಲಿಲ್ಲ, ಪಟೇಲರ ಮನೆಯ ಹೆಂಗಸೂ ಕಳುಹಿಸಿರಲಿಲ್ಲ.

ಅವನು ಹತ್ತಿರ ಹೋಗುವಷ್ಟರಲ್ಲಿ ಟ್ಯಾಂಕರಿನ ಪೈಪು ಗೊರಗೊರ ಎಂದು ಬರಿದಾಯಿತು.

“ಖಾಲಿಯಾಗೋಯ್ತು ಮಗ” ಎಂದಳು ಅವ್ವ, ಅವನನ್ನು ನೋಡಿ. ಬೇಸರವೇನೂ ಇರಲಿಲ್ಲ. “ಇನ್ನೊಂದ್ ಬತ್ತದಂತೆ ಸಾಯಂಕಾಲ. ನೀ ಯಾಕ್ ಬರಿಗಾಲಲ್ ಬಂದೆ?”

“ನೀನ್ಯಾಕ್ ಬಂದೆ ಅವ್ವ ಇಲ್ಲಿಗೆ?” ಅವಳನ್ನು ಬೈಯಲು ಅವನಿಗೆ ಇನ್ನೂ ಬಾಯಿ ಇತ್ತು, ಅದೊಂದು ವಿಚಿತ್ರ.

“ಮೋಟ್ರು ಸುಟ್ಟೋದ್ಮೇಲೆ ಮನೆಗ್ ನೀರ್ ಬ್ಯಾಡ್ವಾ? ಗ್ವಾಡೆ ಆಚೆ ಆ ಯಮ್ಮ ಬ್ಯಾರೆ ಬಾಯ್ ಒಣ್ಗುಸ್ಕಂಡ್ ಕುಂತವ್ಳೆ.”

“ದೂರ ಯಾಕ್ ನಿಂತಿದ್ದೆ? ಮುಂದಕ್ ಹೋಗಿ ಇಡಿಬಾರ್ದಿತ್ತಾ?”

ಗೋವಿಂದಮ್ಮ ತಾನು ನಿಂತಿದ್ದ ಜಾಗವನ್ನು, ಕೊಡ ಇದ್ದ ಜಾಗವನ್ನು ಒಮ್ಮೆ ನೋಡಿದಳು. ನಡುವಿನ ಆ ಮಾರು ನೆಲ ಅವಳಿಗೂ ಆಗಲೇ ಕಂಡಿದ್ದಿರಬೇಕು. ಅವಳ ಮುಖ ಸಣ್ಣಗಾಯಿತು. “ಗೊತ್ತಾಗ್ನಿಲ್ಲ ಮಗ” ಎಂದಳು.

ಖಾಲಿ ಕೊಡವನ್ನು ಅವನು ಹೆಗಲ ಮೇಲೆ ಇಟ್ಟುಕೊಂಡ. ಏರು ದಾರಿಯಲ್ಲಿ ಅವ್ವ ಅಲ್ಲಲ್ಲಿ ನಿಂತು ಮೊಣಕಾಲು ಹಿಡಿದುಕೊಂಡಳು. ಮೋಟಾರು ಸುಟ್ಟಿಲ್ಲ ಎಂದು ಪ್ರತಿ ಸಲ ಅವಳು ನಿಂತಾಗಲೂ ಹೇಳಬೇಕೆಂದುಕೊಂಡ. ಹೇಳಿದರೆ ಯಾಕೆ ಎಂಬುದನ್ನೂ ಹೇಳಬೇಕು. ದಾಸವಾಳ, ಜಗ್ಗು, ಸಕ್ಕರೆ. ಒಳ್ಳೆ ಹೆಂಗಸು ಎಂದ ಬಾಯಲ್ಲಿ ಆ ಸಕ್ಕರೆ ಇನ್ನೂ ಕರಗಿರಲಾರದು. ಗೋಡೆಯ ಹತ್ತಿರ ಚೊಂಬು ಹಿಡಿದು ಇವಳು ಯಾವ ಮರ್ಯಾದೆಗೆ ಕಳ್ಳರ ಹಾಗೆ ನೀರು ಕೊಡುತ್ತಿದ್ದಳು ಎಂದು ಸಿಟ್ಟು ಬರಿಸಿಕೊಳ್ಳಲು ನೋಡಿದ. ಸಿಟ್ಟು ಬರಲಿಲ್ಲ. ಬಂದದ್ದು ಬರೀ ಏದುಸಿರು.

ಮನೆಗೆ ಬಂದ ಮೇಲೆ ಅವನು ಮಾಡಿದ್ದು ಸುಳ್ಳಿಗಿಂತಲೂ ಕೀಳಾದ ಕೆಲಸ. “ತಾಳು, ನಾನೇ ಒಂದ್ ಕೈ ನೋಡ್ತೀನಿ” ಎಂದು ಸ್ಕ್ರೂಡ್ರೈವರ್ ತಂದು, ಸ್ಟಾರ್ಟರ್ ಡಬ್ಬಿಯ ಮುಚ್ಚಳ ಬಿಚ್ಚಿದ. ಅವ್ವ ಖಾಲಿ ಕೊಡ ಹಿಡಿದು ಪಕ್ಕದಲ್ಲೇ ನಿಂತಳು. ಅವನು ಒಂದು ತಂತಿ ಮುಟ್ಟಿದ, ಇನ್ನೊಂದನ್ನು ಎಳೆದು ನೋಡಿದ, ಬಿಗಿಯಾಗಿದ್ದ ತಿರುಪನ್ನು ಸಡಿಲಿಸಿ ಅದನ್ನೇ ಮತ್ತೆ ಬಿಗಿದ, ಊದಿದ, ಕತ್ತು ಓರೆ ಮಾಡಿ ನೋಡಿದ. ಎಷ್ಟು ಹೊತ್ತು ಹೀಗೆ ನಟಿಸಿದರೆ ಸಾಕು ಎಂಬುದೂ ತಿಳಿಯದೆ ಬೆವರಿದ. ಅವ್ವನ ಕಣ್ಣು ತನ್ನ ಕೈಯ ಮೇಲೆಯೇ ಇರುವುದು ಅವನಿಗೆ ಕತ್ತಿನ ಹಿಂದೆ ಗೊತ್ತಾಗುತ್ತಿತ್ತು. ಕೊನೆಗೆ ಮುಚ್ಚಳ ಹಾಕಿ ಹಸಿರು ಗುಂಡಿ ಒತ್ತಿದ. ಟಕ್ ಎಂದಿತು. ಮಹಡಿಯ ಮೇಲೆ ಟ್ಯಾಂಕಿಗೆ ನೀರು ಧೋ ಎಂದು ಬಿತ್ತು. ಗೇಟಿನ ಪೈಪು ಒಮ್ಮೆ ಕೆಮ್ಮಿ, ಬೀದಿಗೆ ಬೆಳ್ಳನೆ ನೀರು ಕಾರಿತು.

“ಫ್ಯೂಸು ಹೋಗಿತ್ತು, ಅಷ್ಟೆ” ಎಂದ.

ಗೋವಿಂದಮ್ಮ ಪೈಪಿನ ಹತ್ತಿರ ಹೋದಳು. ಕೊಡ ತುಂಬಿಕೊಂಡಳು, ಒಂದು ಚೊಂಬು ಮುಳುಗಿಸಿ ತೆಗೆದು ಹಿತ್ತಿಲ ಕಡೆಗೆ ನಡೆದಳು. ಅವನು ಅಡುಗೆಮನೆಯ ಕಿಟಕಿಗೆ ಬಂದು ನಿಂತ, ಕಣ್ಣಿನ ಚಾಳಿ. ಗೋಡೆಯ ಆಚೆ ವೆಂಕಟಮ್ಮ ಕಾಯುತ್ತಲೇ ಇದ್ದಳು. ಲೋಟವಿರಲಿಲ್ಲ. ಅವಳು ಗೋಡೆಯ ಮೇಲೆ ಎದೆಯೂರಿ, ಕತ್ತು ಬಗ್ಗಿಸಿ, ಎರಡು ಕೈ ಜೋಡಿಸಿ ಬೊಗಸೆ ಒಡ್ಡಿದಳು. ಗೋವಿಂದಮ್ಮ ಚೊಂಬನ್ನು ಮೇಲೆತ್ತಿ, ಎಲ್ಲಿಯೂ ತಗುಲದಂತೆ, ಎತ್ತರದಿಂದ ನೀರು ಹುಯ್ದಳು. ನೀರು ಸಣ್ಣ ಧಾರೆಯಾಗಿ ಇಳಿಯಿತು. ಮುದುಕಿ ಮೊಣಕೈವರೆಗೆ ನೆನೆದುಕೊಂಡು ಗಟಗಟ ಕುಡಿದಳು, ಉಸಿರು ತೆಗೆದುಕೊಂಡು ಮತ್ತೆ ಒಡ್ಡಿದಳು. ಲೋಟ ತರಲು ಒಳಗೆ ಹೋದರೆ ಸೊಸೆ ಕೇಳುತ್ತಾಳೆ ಎಂದು ಬೊಗಸೆಯೋ, ಆ ಚೊಂಬಿಗೆ ತುಟಿ ತಾಗಬಾರದು ಎಂದು ಬೊಗಸೆಯೋ, ಅವನಿಗೆ ತಿಳಿಯಲಿಲ್ಲ. ಅವರಿಬ್ಬರಿಗೂ ಅದು ತಿಳಿದಿತ್ತೋ ಇಲ್ಲವೋ. ಬಾವಿಕಟ್ಟೆಯ ಬಳಿ ತಾನು ನೋಡಿದ್ದೇ ಇದು, ಮೇಲಿನ ಕೈ ಕೆಳಗಾಗಿತ್ತು, ಕೆಳಗಿನದು ಮೇಲಾಗಿತ್ತು, ನಡುವೆ ಅಷ್ಟೇ ಜಾಗ ಹಾಗೆಯೇ ಉಳಿದಿತ್ತು. “ಸಾಕು ಕಣವ್ವ, ಜೀವ ಬಂತು” ಎಂದು ವೆಂಕಟಮ್ಮ ಒದ್ದೆ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

ಬೀದಿಯಲ್ಲಿ ಪಾತ್ರೆಗಳ ಸದ್ದು ಶುರುವಾಗಿತ್ತು. “ಬಂತಾ ಪ್ರೇಮಣ್ಣ? ನೀವೇ ಸರಿ ಮಾಡುದ್ರಾ?” ಎಂದು ನಾಗರತ್ನ ನಗುತ್ತಾ ಡ್ರಮ್ಮು ಇಟ್ಟಳು. “ಓದ್ದೋರ್ ಕೈ ಸುಮ್ನೇನಾ” ಎಂದಳು ರುದ್ರಮ್ಮ. ಅವನು ಗೇಟಿಗೆ ಹೋಗಿ ಪೈಪು ಹಿಡಿದುಕೊಂಡ. ಯಾವ ಪಾತ್ರೆ ಎಲ್ಲಿಗೆ ಹೋಯಿತೆಂದು ನೋಡಲಿಲ್ಲ, ಕೈಕೆಳಗಿನ ನೀರನ್ನು ಮಾತ್ರ ನೋಡುತ್ತಿದ್ದ. ಡ್ರಮ್ಮು ತುಂಬಿತು, ಬಕೀಟು ತುಂಬಿತು, ಕುಕ್ಕರೂ ತುಂಬಿತು. ಎಲ್ಲರೂ ಹೋದ ಮೇಲೆ ಗೋವಿಂದಮ್ಮ ಚೊಂಬನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ಜಗಲಿಗೆ ಬಂದು ಕಾಲು ನೀಡಿ ಕೂತಳು. ಮೊಣಕಾಲು ನೀವಿಕೊಂಡಳು. ಗೋಡೆಯ ಮೇಲಿನ ಡಬ್ಬಿಯನ್ನು ಒಮ್ಮೆ, ಅವನನ್ನು ಒಮ್ಮೆ ನೋಡಿದಳು.

“ಕಿತ್ತೋಗಿದ್ದ ಅಗ್ಗ ಗಂಟಾಕ್ದಾ ಮಗ?” ಎಂದಳು.

ಊಟ ಆಯಿತಾ ಎಂದು ಕೇಳುವ ದನಿಯಲ್ಲೇ ಕೇಳಿದಳು, ಉತ್ತರಕ್ಕೆ ಕಾಯಲಿಲ್ಲ, ಚೊಂಬನ್ನು ಪಕ್ಕದಲ್ಲಿ ಕವುಚಿಟ್ಟು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಪೈಪಿನ ನೀರು ಬೀದಿಗೆ ಸುರಿದು ಇಳಿಜಾರಿನಲ್ಲಿ ಹೊಳೆಯ ಕಡೆಗೆ ಹರಿಯುತ್ತಿತ್ತು. ಮೋಟಾರು ನಿಲ್ಲಿಸಬೇಕಿತ್ತು. ಆ ಕೆಂಪು ಗುಂಡಿಯನ್ನು ಮುಟ್ಟಲು ಪ್ರೇಮ್‌ಕುಮಾರನಿಗೆ ಕೈ ಏಳಲಿಲ್ಲ.